ನೆಲದ ಮೇಲೆ ನಿಲ್ಲುವ ಪಂಚಿಂಗ್ ಬ್ಯಾಗ್: ಒದ್ದರೆ ಜಾರುತ್ತೆ, ವಾಲುತ್ತೆ, ಕೆಳಗಿನ ಮನೆಯವರ ಕಂಪ್ಲೇಂಟ್ ಬೇರೆ. ಏನು ಮಾಡಲಿ?

ಎರಡನೇ_ಮಹಡಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ. ಸೀಲಿಂಗ್‌ಗೆ ಡ್ರಿಲ್ ಹೊಡೆಯಲು ಓನರ್ ಒಪ್ಪಲಿಲ್ಲ. ಹಾಗಾಗಿ ನೆಲದ ಮೇಲೆ ನಿಲ್ಲುವ ಬ್ಯಾಗ್ ತರಿಸಿದೆ. ಒಟ್ಟು ಎತ್ತರ 175 ಸೆಂ.ಮೀ. ಬುಡದ ಟ್ಯಾಂಕ್ 65 ಲೀಟರ್ ಅಂತ ಡಬ್ಬದ ಮೇಲಿದೆ. ನೀರು ತುಂಬಿಸಿದ್ದೇನೆ. ಅಡಿಯಲ್ಲಿ ಸಕ್ಷನ್ ಕಪ್‌ಗಳಿವೆ, ನೆಲ ವಿಟ್ರಿಫೈಡ್ ಟೈಲ್ಸ್. ನಾನು ಕರಾಟೆ ಕಲಿತವಳು, ಈಗ ಕಿಕ್‌ಬಾಕ್ಸಿಂಗ್ ಮಾಡುತ್ತೇನೆ. ತೂಕ 58 ಕೆಜಿ, ಅಂಥ ಭಾರೀ ಆಳೇನೂ ಅಲ್ಲ.

ಮವಾಶಿ ಗೇರಿ (ಪಕ್ಕದಿಂದ ಸುತ್ತಿ ಬರುವ ಒದೆತ) ಹೊಡೆದರೆ ಬ್ಯಾಗ್ ಜಾರಿಕೊಂಡು ಗೋಡೆ ಕಡೆ ಹೋಗುತ್ತದೆ. ಮುಂದಕ್ಕೆ ಒದ್ದರೆ ಹಿಂದಕ್ಕೆ ವಾಲುತ್ತದೆ, ಬುಡ ಎದ್ದು ಧಡ್ ಅಂತ ನೆಲಕ್ಕೆ ಕೂರುತ್ತದೆ. ಕೆಳಗಿನ ಮನೆ ಆಂಟಿ ಆಗಲೇ ಮೇಲೆ ಬಂದು, "ಏನಮ್ಮಾ, ದಿನಾ ಸಂಜೆ ಒನಕೆ ಕುಟ್ತೀರಾ?" ಅಂತ ಕೇಳಿ ಹೋದರು. ಸಾಲದ್ದಕ್ಕೆ ಬೆಳಿಗ್ಗೆ ಎದ್ದು ನೋಡಿದರೆ ಬುಡದ ಸುತ್ತ ಒದ್ದೆ. ಮರಳು ತುಂಬಿದರೆ ಎಲ್ಲಾ ಸರಿಹೋಗುತ್ತೆ ಅಂತಾರೆ. ತುಂಬಲಾ?

ಹಳೇ_ಗ್ಲೌಸ್:

ಮರಳಿನ ವಿಚಾರ ಆಮೇಲೆ ನೋಡೋಣ ಮೇಡಂ. ಒಂದ್ಸಲ ಹಾಕಿದರೆ ತೆಗೆಯುವುದು ದೊಡ್ಡ ತಲೆನೋವು. ಮನೆ ಖಾಲಿ ಮಾಡುವ ದಿನ ಗೊತ್ತಾಗುತ್ತೆ.

ಮೊದಲು ಟ್ಯಾಂಕ್ ನಿಜವಾಗಿ ತುಂಬಿದೆಯಾ ನೋಡಿ. ಬೆರಳ ಗೆಣ್ಣಿನಿಂದ ಬುಡವನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ನೀರಿರುವ ಕಡೆ ಸದ್ದು ಮಂದ, ಗಾಳಿ ಇರುವ ಕಡೆ ಟೊಳ್ಳು. ಈ ಟ್ಯಾಂಕ್‌ಗಳ ಬಾಯಿ ಎಷ್ಟೋ ಸಲ ಒಂದು ಪಕ್ಕಕ್ಕೆ, ತುಸು ತಗ್ಗಿನಲ್ಲಿ ಇರುತ್ತದೆ. ನೀರು ಬಾಯಿಗೆ ಬಂತು ಅಂತ ನಾವು ನಿಲ್ಲಿಸುತ್ತೇವೆ, ಆಚೆ ಕಡೆ ಗಾಳಿ ಹಾಗೇ ಕೂತಿರುತ್ತದೆ. ಬ್ಯಾಗ್ ಬಿಚ್ಚಿಟ್ಟು, ಬಾಯಿ ಇರುವ ಕಡೆ ಅಂಚಿನ ಕೆಳಗೆ ಒಂದು ಮರದ ತುಂಡು ಕೊಡಿ. ಬುಡವನ್ನು ಸ್ವಲ್ಪ ಅಲುಗಾಡಿಸಿ. ಗುಳುಗುಳು ಅಂತ ಗಾಳಿ ಹೊರಗೆ ಬರುತ್ತೆ. ಆಮೇಲೆ ಮತ್ತೆ ನೀರು ಹಾಕಿ. ಅರೆ ತುಂಬಿದ ಟ್ಯಾಂಕ್‌ನಲ್ಲಿ ತೂಕವೂ ಕಡಿಮೆ, ನೀರು ಒಳಗೇ ತುಳುಕಾಡಿ ಬ್ಯಾಗ್ ಇನ್ನಷ್ಟು ಓಲಾಡುತ್ತದೆ.

ಇನ್ನು ಜಾರುವುದು, ವಾಲುವುದು ಬೇರೆ ಬೇರೆ ಕಾಯಿಲೆ. ಜಾರುವುದು ನೆಲದ ಹಿಡಿತಕ್ಕೆ ಸಂಬಂಧಿಸಿದ್ದು. ವಾಲುವುದು ತೂಕ, ಬುಡದ ಅಗಲ, ನೀವು ಹೊಡೆಯುವ ಎತ್ತರ ಈ ಮೂರಕ್ಕೆ ಸಂಬಂಧಿಸಿದ್ದು. ಒಂದು ಲೆಕ್ಕ ಹಾಕೋಣ. ನೀರು, ಬ್ಯಾಗ್ ಎಲ್ಲಾ ಸೇರಿ 75 ಕೆಜಿ, ಬುಡದ ಅಗಲ 60 ಸೆಂ.ಮೀ. ಅಂದುಕೊಳ್ಳಿ. ನೆಲದಿಂದ 120 ಸೆಂ.ಮೀ. ಎತ್ತರದಲ್ಲಿ ಸುಮಾರು 19 ಕೆಜಿ ಬಲದಿಂದ ಒತ್ತಿ ಹಿಡಿದರೆ ಸಾಕು, ಆಚೆ ಅಂಚಿನ ಮೇಲೆ ಬುಡ ಏಳುತ್ತದೆ. ಅದೇ 60 ಸೆಂ.ಮೀ. ಎತ್ತರದಲ್ಲಾದರೆ ಅದರ ಎರಡು ಪಟ್ಟು ಬೇಕು. ಹೊಡೆದು ತಕ್ಷಣ ಕಾಲು ಎಳೆದುಕೊಂಡರೆ ಬ್ಯಾಗ್ ತಡೆದುಕೊಳ್ಳುತ್ತೆ. ತಳ್ಳುವ ಹಾಗೆ ಒದ್ದರೆ ಯಾವ ಕಂಪನಿಯ ಬ್ಯಾಗ್ ಆದರೂ ವಾಲುತ್ತೆ. ಮಾಯೆ ಗೇರಿಯಲ್ಲಿ, ಅಂದರೆ ಮುಂದಕ್ಕೆ ಒದೆಯುವಾಗ, ನಿಮಗೆ ಆಗುತ್ತಿರುವುದು ಇದೇ.

ಇನ್ನೊಂದು ವಿಷಯ. ಜಾರುವುದನ್ನು ಪೂರ್ತಿ ನಿಲ್ಲಿಸಿದರೆ ವಾಲುವುದು ಜಾಸ್ತಿಯಾಗುತ್ತೆ. ಇಷ್ಟು ದಿನ ಏಟಿನ ಬಲ ಸ್ವಲ್ಪ ಜಾರುವುದರಲ್ಲೇ ಖರ್ಚಾಗುತ್ತಿತ್ತು. ಬರೀ ಮ್ಯಾಟ್ ಹಾಕಿ ಸುಮ್ಮನಾದವರು, "ಮೊದಲಿಗಿಂತ ಕೆಟ್ಟೋಯ್ತು" ಅನ್ನುವುದು ಇದಕ್ಕೇ.

ಬೋಲ್ಟು_ನಟ್ಟು:

ಒದ್ದೆ ಬಗ್ಗೆ ನಾನು ಹೇಳ್ತೀನಿ. ಬುಡವನ್ನು ಚೆನ್ನಾಗಿ ಒರೆಸಿ, ಸುತ್ತ ಹಳೇ ನ್ಯೂಸ್‌ಪೇಪರ್ ಹಾಸಿ ರಾತ್ರಿ ಬಿಡಿ. ಬಾಯಿಯ ನೇರಕ್ಕೆ ಮಾತ್ರ ಒದ್ದೆಯಾದರೆ ಮುಚ್ಚಳದ ತಪ್ಪು. ವಾಷರ್ ಮಡಚಿಕೊಂಡಿದೆಯಾ ನೋಡಿ. ಮುಚ್ಚಳದ ಮರೆಗೆ (ತಿರುಗಿಸುವ ಸುರುಳಿ ಗೆರೆಗಳಿಗೆ) ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಮೂರ‍್ನಾಲ್ಕು ಸುತ್ತು ಹಾಕಿ. ಮುಚ್ಚಳ ತಿರುಗಿಸುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಕಿತ್ತು ಬರುತ್ತೆ.

ಬೇರೆ ಕಡೆ ಒದ್ದೆಯಾದರೆ ಬಿರುಕು. ಹೊಸದಾದರೆ ಏನೂ ಮಾಡಲು ಹೋಗದೆ ವಾಪಸ್ ಕಳಿಸಿ. ವಾರಂಟಿ ಮುಗಿದಿದ್ದರೆ ಎಂ-ಸೀಲ್, ಫೆವಿಕ್ವಿಕ್ ಅಂತ ಸಮಯ ಹಾಳು ಮಾಡಬೇಡಿ. ಈ ಬುಡಗಳು ಸಾಮಾನ್ಯವಾಗಿ ಪಾಲಿಎಥಿಲೀನ್. ಅದರ ಮೇಲೆ ಎಪಾಕ್ಸಿ ಆಗಲಿ, ಅಂಟು ಆಗಲಿ ಸರಿಯಾಗಿ ಹಿಡಿಯಲ್ಲ, ಎರಡು ಏಟಿಗೆ ಸಿಪ್ಪೆ ಹಾಗೆ ಏಳುತ್ತೆ. ತಾರಸಿ ಮೇಲಿನ ನೀರಿನ ಟ್ಯಾಂಕ್ ರಿಪೇರಿ ಮಾಡುವವರು ಸಿಗ್ತಾರಲ್ಲ, ಅವರನ್ನು ಹಿಡಿಯಿರಿ. ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿಯನ್ನು ಬಿಸಿಯಲ್ಲಿ ಕರಗಿಸಿ ಬೆಸುಗೆ ಹಾಕ್ತಾರೆ.

ನೀರು ತುಂಬುವಾಗ ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ. ಇಲ್ಲಾಂದ್ರೆ ಆರು ತಿಂಗಳು ಬಿಟ್ಟು ಮುಚ್ಚಳ ತೆಗೆದವರ ಮುಖ ನೋಡಲಾಗಲ್ಲ.

ಎರಡನೇ_ಮಹಡಿ:

ಥ್ಯಾಂಕ್ಸ್. ತಟ್ಟಿ ನೋಡಿದೆ, ಮೇಲಿನ ನಾಲ್ಕು ಬೆರಳಷ್ಟು ಟೊಳ್ಳು! ಒಂದು ಬಕೆಟ್‌ಗೂ ಜಾಸ್ತಿ ನೀರು ಹಿಡಿಯಿತು. ವಾಷರ್ ಮಡಚಿಕೊಂಡಿತ್ತು, ಸರಿಮಾಡಿದ ಮೇಲೆ ಪೇಪರ್ ಒಣಗಿಯೇ ಇದೆ. ಕೈಯಲ್ಲಿ ಹೊಡೆದರೆ ಈಗ ಚೆನ್ನಾಗಿ ನಿಲ್ಲುತ್ತೆ. ಒದೆತಕ್ಕೆ ಜಾರುವುದು, ಸದ್ದು ಎರಡೂ ಹಾಗೇ ಇವೆ. ಸಕ್ಷನ್ ಕಪ್ ಹಿಡಿಯುವುದೇ ಇಲ್ಲವಲ್ಲ?

ಹಳೇ_ಗ್ಲೌಸ್:

ಕಪ್‌ಗಳಲ್ಲಿ ಒಂದು, ಟೈಲ್ಸ್ ನಡುವಿನ ಗೆರೆ ಮೇಲೆ ಬಂದರೂ ಅದರೊಳಗೆ ಗಾಳಿ ನುಗ್ಗುತ್ತೆ. ಬುಡದ ಅಗಲಕ್ಕೆ ಒಂದಾದರೂ ಗೆರೆ ಸಿಕ್ಕೇ ಸಿಗುತ್ತೆ ಅಲ್ವಾ. ಧೂಳು ಕೂತರೂ ಅಷ್ಟೇ ಕಥೆ. ನನ್ನ ಕೇಳಿದರೆ ಕಪ್‌ಗಳನ್ನು ಕಿತ್ತುಬಿಡಿ. ಅವು ಇದ್ದರೆ ಬುಡ ಮೆತ್ತನೆ ಕಾಲುಗಳ ಮೇಲೆ ನಿಂತ ಹಾಗಾಗಿ ಇನ್ನಷ್ಟು ಅಲುಗಾಡುತ್ತೆ.

ಅಡಿಗೆ 10–12 ಮಿ.ಮೀ. ದಪ್ಪದ ರಬ್ಬರ್ ಹಾಕಿ. ಜಿಮ್‌ಗಳಲ್ಲಿ ತೂಕದ ಪ್ಲೇಟ್ ಕೆಳಗೆ ಹಾಸಿರುತ್ತಾರಲ್ಲ, ಆ ಗಟ್ಟಿ ಕಪ್ಪು ರಬ್ಬರ್. ಕ್ಲಾಸ್‌ಗಳಲ್ಲಿ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಬಣ್ಣದ ಫೋಮ್ ಮ್ಯಾಟ್ ಬೇಡ. ಬುಡ ಅದರಲ್ಲಿ ಒಂದು ಕಡೆ ಕುಸಿದು ವಾರೆಯಾಗುತ್ತೆ.

ಬೋಲ್ಟು_ನಟ್ಟು:

ವಾಲುವುದಕ್ಕೂ ಸದ್ದಿಗೂ ಸೇರಿಸಿ ಒಂದು ಮದ್ದಿದೆ. ತೂಕ ಹೆಚ್ಚಿಸುವ ಬದಲು ಅಗಲ ಹೆಚ್ಚಿಸಿ.

4 ಅಡಿಗೆ 4 ಅಡಿ, 18 ಮಿ.ಮೀ. ಪ್ಲೈವುಡ್ ತುಂಡು ತನ್ನಿ. ಅಡಿಗೆ ರಬ್ಬರ್ ಹಾಸಿ, ಮೇಲೆ ಪ್ಲೈವುಡ್, ಅದರ ನಟ್ಟನಡುವೆ ಬುಡ. ಪ್ಲೈವುಡ್‌ನ ನಾಲ್ಕು ಕಡೆ ಕೊಂಡಿ ಬೋಲ್ಟ್ ಹಾಕಿ. ಬೋಲ್ಟಿನ ತಲೆ ಅಡಿಗೆ ಉಬ್ಬದ ಹಾಗೆ ಮರದೊಳಗೆ ಕೂರಿಸಲು ಬಡಗಿಗೆ ಹೇಳಿ. ಲಾರಿಯವರು ಲೋಡ್ ಬಿಗಿಯಲು ಬಳಸುವ ರ‍್ಯಾಚೆಟ್ ಬೆಲ್ಟ್ ಎರಡು ತಂದು, ಬುಡದ ಹೆಗಲ ಮೇಲಿಂದ ಅಡ್ಡಡ್ಡ ಎಳೆದು ಬಿಗಿಯಿರಿ. ಈಗ ಬ್ಯಾಗ್ ವಾಲಬೇಕಾದರೆ ಪ್ಲೈವುಡ್ ಅಂಚಿನ ಮೇಲೆ ವಾಲಬೇಕು. ನಡುವಿನಿಂದ ಅಂಚಿಗೆ 30 ಸೆಂ.ಮೀ. ಇದ್ದದ್ದು 60 ಆಯ್ತು. ಮೇಲಿನ ಲೆಕ್ಕದ 19 ಕೆಜಿ ಸೀದಾ ಎರಡು ಪಟ್ಟಾಗುತ್ತೆ, ಪ್ಲೈವುಡ್ ತೂಕ ಬೇರೆ ಸೇರುತ್ತೆ. ನೀವು ಅದರ ಮೇಲೇ ನಿಂತು ಹೊಡೆದರೆ ನಿಮ್ಮ ತೂಕವೂ ಅದನ್ನು ಒತ್ತಿ ಹಿಡಿಯುತ್ತೆ. ಮನೆಗೆ ಒಂದು ತೂತೂ ಇಲ್ಲ, ಓನರ್ ತಂಟೆಯಿಲ್ಲ.

ಕೆಳಗೆ ಕೇಳುವುದು ಗಾಳಿಯಲ್ಲಿ ಹೋಗುವ ಸದ್ದಲ್ಲ, ಸ್ಲ್ಯಾಬ್‌ಗೆ ಬೀಳುವ ಪೆಟ್ಟು. ಗೋಡೆಗೆ ಫೋಮ್ ಅಂಟಿಸಿ ಪ್ರಯೋಜನ ಇಲ್ಲ. ಬುಡ ಎದ್ದು ಬೀಳುವುದು ನಿಂತರೆ ಅರ್ಧ ಸದ್ದು ಅಲ್ಲೇ ಹೋಯ್ತು. ಕೋಣೆಯ ನಟ್ಟನಡುವೆ ಇಡಬೇಡಿ, ಪಿಲ್ಲರ್ ಇರುವ ಮೂಲೆ ಕಡೆ ಸರಿಸಿ. ಅಲ್ಲಿ ಸ್ಲ್ಯಾಬ್ ಕಂಪಿಸುವುದು ಕಡಿಮೆ. ಪ್ಲೈವುಡ್ ಅಂಚನ್ನು ಉಜ್ಜಿಸಿ ನುಣ್ಣಗೆ ಮಾಡಿ, ಇಲ್ಲಾಂದ್ರೆ ಕಿರುಬೆರಳಿಗೆ ಗ್ರಹಚಾರ.

ಕರಾವಳಿ_ಕಿಕ್:

ಅಷ್ಟೆಲ್ಲಾ ಯಾಕೆ ಮಾರಾಯ್ರೆ? ಮರಳು ಹಾಕಿದರೆ ಆಯ್ತಲ್ಲ. ನಮ್ಮದು ನೆಲಮಹಡಿ, ಬಂಡೆ ಹಾಗೆ ನಿಂತಿದೆ.

ಹಳೇ_ಗ್ಲೌಸ್:

ನೆಲಮಹಡಿ ಆದರೆ ಸರಿ. 65 ಲೀಟರ್ ಟ್ಯಾಂಕ್‌ಗೆ ಒಣ ಮರಳು ಹಾಕಿದರೆ ಸುಮಾರು 100 ಕೆಜಿ. ಕಾಳುಗಳ ಸಂದಿಗೆ ಮೇಲಿಂದ ನೀರನ್ನೂ ಬಿಟ್ಟರೆ ಸುಮಾರು 130 ಕೆಜಿ ಆಗುತ್ತೆ. ಇದರಿಂದ ಆರ್‌ಸಿಸಿ ಸ್ಲ್ಯಾಬ್ ಕುಸಿಯುತ್ತೆ ಅನ್ನುವುದು ಸುಳ್ಳು ಭಯ. ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನದಂಡ ಐಎಸ್ 875ರಲ್ಲಿ ಮನೆಯ ಕೋಣೆಗಳಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕ ಹಿಡಿದಿದ್ದಾರೆ. ಇಬ್ಬರು ದಪ್ಪ ಆಳುಗಳು ಒತ್ತಾಗಿ ನಿಂತರೂ ಇಷ್ಟೇ ತೂಕ. ಬಾಡಿಗೆ ಮನೆಯಲ್ಲಿ ಬೇಡ ಅಂದದ್ದು ಸಾಗಿಸುವ ಕಷ್ಟಕ್ಕೆ.

ಹಾಕುವುದೇ ಆದರೆ ಎಂ-ಸ್ಯಾಂಡ್ ಸಾಕು. ಜರಡಿ ಹಿಡಿದು, ಬಿಸಿಲಲ್ಲಿ ಒಣಗಿಸಿ. ಹಸಿ ಇದ್ದರೆ ಬಾಯಲ್ಲೇ ಕಟ್ಟಿಕೊಳ್ಳುತ್ತೆ. ನೀರಿನ ಬಾಟಲಿಯ ತಲೆ ಕತ್ತರಿಸಿದರೆ ಒಳ್ಳೇ ಲಾಳಿಕೆ. ಸಮುದ್ರದ ಮರಳು ಮಾತ್ರ ಬೇಡ, ಉಪ್ಪಿಗೆ ಬ್ಯಾಗನ್ನು ಬುಡಕ್ಕೆ ಸೇರಿಸುವ ಕಂಬದ ನಟ್ಟು, ಸ್ಪ್ರಿಂಗ್ ತುಕ್ಕು ಹಿಡಿಯುತ್ತೆ. ನಿಮ್ಮ ಊರಿನ ಗಾಳಿಗೇ ಹಿಡಿಯುತ್ತಲ್ವಾ?

ಎರಡನೇ_ಮಹಡಿ:

ಪ್ಲೈವುಡ್ ಐಡಿಯಾ ಕೆಲಸ ಮಾಡಿತು. ಮಾಯೆ ಗೇರಿಗೆ ಬ್ಯಾಗ್ ಬಾಗುತ್ತೆ, ಬುಡ ಏಳಲ್ಲ. ಆಂಟಿಯ ಮನೆಗೆ ಹೋಗಿ ಕೂತು, ಮೇಲಿಂದ ತಮ್ಮನ ಕೈಲಿ ಹೊಡೆಸಿ ಕೇಳಿದೆ. ಸಣ್ಣಗೆ ದಬ್ ದಬ್ ಅನ್ನುತ್ತೆ. ಸೀರಿಯಲ್ ಟೈಮ್ ಬಿಟ್ಟು ಹೊಡ್ಕೋ ಅಂದರು. ಒಂದೇ ಉಳಿದಿದೆ: ಒದ್ದಾಗಲೆಲ್ಲ ಕಂಬದ ಬುಡದಲ್ಲಿ ಕಿರ್ ಕಿರ್.

ಬೋಲ್ಟು_ನಟ್ಟು:

ಸ್ಪ್ರಿಂಗ್ ಕೂತ ಜಾಗಕ್ಕೆ ಗ್ರೀಸ್ ಹಚ್ಚಿ. ಅಡುಗೆ ಎಣ್ಣೆ ಬಿಡಬೇಡಿ, ಅಂಟಾಗಿ ಧೂಳು ಹಿಡಿಯುತ್ತೆ. ನಟ್ಟುಗಳು ಪದೇ ಪದೇ ಸಡಿಲವಾದರೆ ಅದೇ ಅಳತೆಯ ನೈಲಾಕ್ ನಟ್ಟು ಕೇಳಿ ತನ್ನಿ. ಒಳಗೆ ನೈಲಾನ್ ಬಳೆ ಇರುತ್ತೆ, ಅದುರಿದರೂ ಬಿಚ್ಚಲ್ಲ.

ಟೈಕ್ವಾಂಡೋ_ಅಪ್ಪ:

ಮಧ್ಯೆ ಬಂದೆ, ಕ್ಷಮಿಸಿ. ಮಗನಿಗೆ 12 ವರ್ಷ. ಕೊಳ್ಳುವಾಗ ಏನು ನೋಡಬೇಕು? ಮನುಷ್ಯನ ಆಕಾರದ್ದೂ ಇದೆಯಲ್ಲ, ಅದು ಆಗಬಹುದಾ?

ಹಳೇ_ಗ್ಲೌಸ್:

ಸರ್, ಎತ್ತರದ ಅಂಕಿ ನೋಡಿ ಮರುಳಾಗಬೇಡಿ. ಮೆತ್ತನೆ ಭಾಗ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತೆ ಕೇಳಿ. ಮಕ್ಕಳ ಒದೆತ ತಗ್ಗಿಗೆ ಬೀಳುತ್ತೆ, ಅಲ್ಲಿ ಬರೀ ಪ್ಲಾಸ್ಟಿಕ್ ಕುತ್ತಿಗೆ ಇದ್ದರೆ ಮೊಣಕಾಲ ಕೆಳಗಿನ ಮೂಳೆಗೆ ಪೆಟ್ಟು. ಮನುಷ್ಯನ ಆಕಾರದ್ದು ಗುರಿ ಕಲಿಯಲು ಚೆನ್ನ. ಆದರೆ ಅದು ಸಾಮಾನ್ಯವಾಗಿ ಸೊಂಟದಿಂದ ಮೇಲೆ ಮಾತ್ರ, ತಗ್ಗಿನ ಒದೆತಕ್ಕೆ ಏನೂ ಇಲ್ಲ.

ಬುಡ ಅಗಲವಾಗಿರಲಿ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಬ್ಯಾಗನ್ನು ಜೋರಾಗಿ ಒತ್ತಿ. ಒಳಗಿನ ಗಟ್ಟಿ ಕೊಳವೆ ಬೇಗ ತಾಕಿದರೆ ಫೋಮ್ ತೆಳು ಅಂತ, ಬಿಟ್ಟುಬಿಡಿ. ಒಳ್ಳೆಯದರಲ್ಲೂ ದಿನಾ ಒಂದೇ ಜಾಗಕ್ಕೆ ಹೊಡೆದರೆ ಫೋಮ್ ಕೂತುಹೋಗುತ್ತೆ, ಆಗಾಗ ಬ್ಯಾಗ್ ತಿರುಗಿಸುತ್ತಿರಬೇಕು. ತಾರಸಿಯಲ್ಲಿ ಇಡುವ ಯೋಚನೆ ಇದ್ದರೆ ಹೊದಿಕೆ ಹಾಕಿ, ಬಿಸಿಲಿಗೆ ರೆಕ್ಸಿನ್ ಸುಲಿದು ಬರುತ್ತೆ.

ಗ್ಲೌಸ್ ಜೊತೆಗೆ ಮಣಿಕಟ್ಟಿಗೆ ಸುತ್ತುವ ಬಟ್ಟೆಯನ್ನೂ ತಗೊಳ್ಳಿ. ದೊಡ್ಡವರದು 4.5 ಮೀಟರ್ ಇರುತ್ತೆ, ಹುಡುಗನ ಕೈಗೆ ಅದು ಉದ್ದವಾಯ್ತು, ಗಿಡ್ಡದ್ದು ಕೇಳಿ. ಸುತ್ತುವುದನ್ನು ಅವನ ಮಾಸ್ಟರ್ ಹತ್ತಿರವೇ ಕಲಿಸಿ, ವಿಡಿಯೋ ನೋಡಿ ಬೇಡ.