ಲೇಬರ್ ಡೇ ಪಂದ್ಯಕ್ಕೆ ಯಾರ ಹೆಸರು ಬರೆಯಲಿ, ರೈಡರ್ಸೋ ಬಾಂಬರ್ಸೋ?

ಪ್ರಶ್ನೆ:
ನಾವು ವಿನಿಪೆಗ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮ ಆಫೀಸಿನಲ್ಲಿ ಪ್ರತಿ ವಾರ ಕೆನಡಿಯನ್ ಫುಟ್‌ಬಾಲ್ ಪಂದ್ಯಗಳಲ್ಲಿ ಯಾರು, ಎಷ್ಟು ಅಂಕದ ಅಂತರದಲ್ಲಿ ಗೆಲ್ಲುತ್ತಾರೆ ಅಂತ ಎಲ್ಲರೂ ಬರೆದುಕೊಡುತ್ತಾರೆ. ದುಡ್ಡಿನ ವ್ಯವಹಾರ ಇಲ್ಲ, ಬರೀ ಖುಷಿಗೆ. ಈ ಭಾನುವಾರ ರೆಜೈನಾದಲ್ಲಿ ಸಸ್ಕ್ಯಾಚವನ್ ರಫ್‌ರೈಡರ್ಸ್ ಮತ್ತು ನಮ್ಮೂರಿನ ಬ್ಲೂ ಬಾಂಬರ್ಸ್ ನಡುವೆ ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರದ ರಜೆ) ವಾರಾಂತ್ಯದ ಪಂದ್ಯ. ಅಂಕಪಟ್ಟಿ ನೋಡಿ ಬರೆದರೆ ಸಾಕಾ, ಬೇರೆ ಏನಾದರೂ ಗಮನಿಸಬೇಕಾ? ವರ್ಷಗಟ್ಟಲೆ ನೋಡುತ್ತಾ ಬಂದಿರುವವರು ದಯವಿಟ್ಟು ಹೇಳಿ.

ವಿನಿಪೆಗ್‌ನಿಂದ, ಬಾಂಬರ್ಸ್ ಅಭಿಮಾನಿ:
ಮೇಡಂ, ಅಂಕಪಟ್ಟಿಯೊಂದನ್ನೇ ನಂಬಬೇಡಿ. 2023ರಲ್ಲಿ ಟೊರೊಂಟೊ ಆರ್ಗೊನಾಟ್ಸ್ 18ರಲ್ಲಿ 16 ಪಂದ್ಯ ಗೆದ್ದಿತ್ತು. ಪೂರ್ವ ವಿಭಾಗದ ಫೈನಲ್ಲು ಅವರದೇ ಮೈದಾನದಲ್ಲಿ. ಅಲ್ಲಿಗೆ ಬಂದ ಮಾಂಟ್ರಿಯಲ್ 38–17ರಲ್ಲಿ ಹೊಡೆದು ಹೋಯಿತು. ಟೊರೊಂಟೊ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಚಾಡ್ ಕೆಲ್ಲಿ ಆ ವರ್ಷದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವರು, ಆ ದಿನ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದರು, ಅಂದರೆ ನಾಲ್ಕು ಇಂಟರ್‌ಸೆಪ್ಷನ್.

ಇದಕ್ಕೆ ಕಾರಣ ಆಟದ ರಚನೆಯಲ್ಲೇ ಇದೆ. ಅಮೆರಿಕದವರಿಗೆ ಹತ್ತು ಗಜ ಸಾಗಲು ನಾಲ್ಕು ಡೌನ್ (ಪ್ರಯತ್ನ), ಇಲ್ಲಿ ಮೂರೇ. ಎರಡು ಪ್ರಯತ್ನ ಕೈಕೊಟ್ಟರೆ ಮೂರನೆಯದಕ್ಕೆ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕು, ಅದೇ ಪಂಟ್. ಮೈದಾನವೂ ದೊಡ್ಡದು, 110 ಗಜ ಉದ್ದ, 65 ಗಜ ಅಗಲ, ಒಂದೊಂದು ತಂಡಕ್ಕೆ 12 ಜನ. ಮೂರು ಡೌನ್ ಇರುವುದರಿಂದ ಎಲ್ಲರೂ ಪಾಸ್ ಎಸೆಯುತ್ತಾರೆ, ಹಾಗಾಗಿ ಎಸೆಯುವವನ ಮೇಲೆ ವಿಪರೀತ ಹೊರೆ. ನನ್ನ ಲೆಕ್ಕದಲ್ಲಿ ನೋಡಬೇಕಾದ ಮೊದಲ ವಿಷಯ ಕ್ವಾರ್ಟರ್‌ಬ್ಯಾಕ್, ಎರಡನೆಯದು ಅವನನ್ನು ಕಾಯುವ ಐದು ಜನ ಲೈನ್‌ಮನ್‌ಗಳು. ಅವರಲ್ಲಿ ಇಬ್ಬರು ಹೊಸಬರು ಬಂದಿದ್ದಾರೆ ಅಂತಾದರೆ ನಾನು ಆ ತಂಡದ ಹೆಸರು ಬರೆಯುವುದಿಲ್ಲ.

ರೆಜೈನಾದಿಂದ, ರೈಡರ್ಸ್ ಅಭಿಮಾನಿ:
ಮೇಲಿನವರ ಮಾತು ಬೇರೆ ವಾರಗಳಿಗೆ ಸರಿ. ಲೇಬರ್ ಡೇ ವಾರಕ್ಕೆ ಅಲ್ಲ. ಆ ದಿನ ಮೊಸಾಯಿಕ್ ಸ್ಟೇಡಿಯಂ ತುಂಬಿ, ಕಲ್ಲಂಗಡಿ ಹಣ್ಣನ್ನು ಕೊರೆದು ಹೆಲ್ಮೆಟ್ ಮಾಡಿ ತಲೆಗೆ ಹಾಕಿಕೊಂಡ ಜನ ಕೂಗುವಾಗ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮಾತು ಅವನ ಪಕ್ಕದವನಿಗೇ ಕೇಳಿಸುವುದಿಲ್ಲ. ಆಫ್‌ಸೈಡ್, ಗಡಿಯಾರ ಮೀರಿದ್ದು, ಹೀಗೆ ಪೆನಾಲ್ಟಿ ಮೇಲೆ ಪೆನಾಲ್ಟಿ.

2023ನ್ನೇ ತೆಗೆದುಕೊಳ್ಳಿ. ಲೇಬರ್ ಡೇ ಪಂದ್ಯದಲ್ಲಿ ರೆಜೈನಾದಲ್ಲಿ ನಾವು ಓವರ್‌ಟೈಮ್‌ನಲ್ಲಿ 32–30 ಗೆದ್ದೆವು. ಮರುವಾರ ಅದೇ ಎರಡು ತಂಡ ವಿನಿಪೆಗ್‌ನಲ್ಲಿ ಬ್ಯಾಂಜೋ ಬೌಲ್ ಆಡಿದವು. ಅಲ್ಲಿ ನಮಗೆ ಬಂದದ್ದು 6 ಅಂಕ, ಅವರಿಗೆ 51. ಒಂದೇ ವಾರದಲ್ಲಿ ಆಟಗಾರರು ಬದಲಾಗಿರಲಿಲ್ಲ, ಊರು ಬದಲಾಗಿತ್ತು. 

ಗಾಳಿಯನ್ನೂ ಮರೆಯಬೇಡಿ. ನಾವು ಕ್ರಿಕೆಟ್‌ನಲ್ಲಿ ಪಿಚ್ ನೋಡುವ ಹಾಗೆ ಪ್ರೇರಿಯಲ್ಲಿ ಗಾಳಿ ನೋಡಬೇಕು. ಪ್ರತಿ ಕ್ವಾರ್ಟರ್‌ಗೂ ತಂಡಗಳು ಆಡುವ ದಿಕ್ಕು ಬದಲಾಗುತ್ತದೆ. ಗಾಳಿಗೆ ಎದುರಾಗಿ ಆಡುವವರು 45 ಗಜದ ಫೀಲ್ಡ್ ಗೋಲ್‌ಗೆ (ಕಂಬಗಳ ನಡುವೆ ಒದೆಯಲು) ಹೋಗದೆ ಪಂಟ್ ಮಾಡುತ್ತಾರೆ, ಅಲ್ಲೇ ಮೂರು ಅಂಕ ಹೋಯಿತು. ಭಾನುವಾರ ಬೆಳಗ್ಗೆ ಹವಾಮಾನ ನೋಡಿ, ಜೋರು ಗಾಳಿ ಇದ್ದರೆ ಅಂತರ ಕಡಿಮೆ ಇಟ್ಟು ಬರೆಯಿರಿ. ನನ್ನ ಉತ್ತರ: ರೈಡರ್ಸ್, 3 ಅಂಕ. 2025ರ ಗ್ರೇ ಕಪ್ಪನ್ನು (ಲೀಗಿನ ಫೈನಲ್) ನಿಮ್ಮೂರಿನ ಸ್ಟೇಡಿಯಂನಲ್ಲೇ ಮಾಂಟ್ರಿಯಲ್ ಮೇಲೆ 25–17ರಲ್ಲಿ ಗೆದ್ದ ತಂಡ ಇದು, ಮನೆಯಲ್ಲಿ ಬಿಟ್ಟುಕೊಡುವುದಿಲ್ಲ.

ವಿನಿಪೆಗ್‌ನಿಂದ ಮತ್ತೆ:
ಹಾಗಿದ್ದರೆ 2022 ಯಾಕೆ ಬಿಟ್ಟಿರಿ ಸರ್? ಲೇಬರ್ ಡೇ ಪಂದ್ಯದಲ್ಲಿ ರೆಜೈನಾದಲ್ಲೇ ನಾವು 20–18 ಗೆದ್ದೆವು, ಮರುವಾರ ಇಲ್ಲಿ 54–20. ಮನೆಯ ಮೈದಾನ ಅಂತರವನ್ನು ಕಮ್ಮಿ ಮಾಡುತ್ತದೆ, ಒಪ್ಪುತ್ತೇನೆ. ಗೆಲುವನ್ನೇ ತಂದುಕೊಡುತ್ತದೆ ಅನ್ನುವುದು ಹೆಚ್ಚಾಯಿತು.

ಕ್ಯಾಲ್ಗರಿಯಿಂದ, ಧಾರವಾಡದವರು:
ಅಕ್ಕಾರ, ಇಬ್ಬರದೂ ಖರೆ ಅದ. ಆದ್ರ ಇವತ್ತ ಬರದು ಕೊಡಬ್ಯಾಡ್ರಿ. ವಾರದಾಗ ಮೂರು ದಿವಸ ಪ್ರಾಕ್ಟೀಸಿನ ಗಾಯದ ವರದಿ ಬರ್ತದ. ಯಾರು ಪೂರಾ ಆಡಿದ್ರು, ಯಾರು ಅರ್ಧಮರ್ಧ, ಯಾರು ಮೈದಾನಕ್ಕ ಇಳೀಲೇ ಇಲ್ಲ ಅಂತ ಅದರಾಗ ಇರ್ತದ. ಪಂದ್ಯದ ಹಿಂದಿನ ದಿವಸ ಡೆಪ್ತ್ ಚಾರ್ಟ್, ಅಂದ್ರ ಯಾವ ಜಾಗಾಕ್ಕ ಯಾರು ಆಡ್ತಾರ ಅನ್ನೂ ಪಟ್ಟಿ, ಬಿಡ್ತಾರ. ಅದು ನೋಡಿ ಬರೀರಿ.

ಅದರಾಗೂ ಒಂದು ಮಾತು. 24 ಆರಂಭಿಕರೊಳಗ ಕನಿಷ್ಠ 7 ಮಂದಿ ಕೆನಡಾದವರು ಇರಬೇಕಂತ ನಿಯಮ ಅದ. ಒಬ್ಬ ಕೆನಡಾದ ಆಟಗಾರ ಗಾಯ ಆಗಿ ಕೂತ್ರ, ಅವನ ಜಾಗಾಕ್ಕ ಚಲೋ ಅಮೆರಿಕನ್ ಇದ್ದರೂ ಸುಮ್ಮ ಹಾಕಲಿಕ್ಕೆ ಬರೂದಿಲ್ಲ. ಲೆಕ್ಕ ಸರಿ ಮಾಡಲಿಕ್ಕೆ ಬ್ಯಾರೆ ಕಡೆ ಇನ್ನೊಬ್ಬನ್ನ ತಗೀಬೇಕಾಗ್ತದ. ಹಿಂಗಾಗಿ ಒಬ್ಬನ ಗಾಯಕ್ಕ ಎರಡು ಜಾಗಾ ಅಲುಗಾಡ್ತಾವ. ಪತ್ರಿಕೆಯವರು ಕ್ವಾರ್ಟರ್‌ಬ್ಯಾಕ್ ಬಗ್ಗೆ ಬರದಷ್ಟು ಇದರ ಬಗ್ಗೆ ಬರಿಯೂದಿಲ್ಲ, ನೀವು ನೋಡ್ರಿ.

ಅಂಕಪಟ್ಟಿ ವಿಷಯಕ್ಕ ನಮ್ಮ ಸ್ಟ್ಯಾಂಪೀಡರ್ಸ್ ಸಾಕು. 2016ರಾಗ 15 ಗೆದ್ದು, 2 ಸೋತು, 1 ಟೈ ಮಾಡಿಕೊಂಡು ಗ್ರೇ ಕಪ್ಪಿಗೆ ಹೋದ್ರು. ಎದುರಿಗೆ ಬರೇ 8 ಗೆದ್ದ ಒಟ್ಟಾವ. ಓವರ್‌ಟೈಮ್‌ನ್ಯಾಗ 39–33 ಸೋತ್ರು. ಆ ನೋವು ನನಗ ಇನ್ನೂ ಹೋಗಿಲ್ಲ.

ಟೊರೊಂಟೊದಿಂದ:
ಕ್ವಾರ್ಟರ್‌ಬ್ಯಾಕ್ ನೋಡಿ ಬರೆಯಿರಿ ಅನ್ನುವವರಿಗೆ ಒಂದು ಪ್ರಶ್ನೆ. 2024ರ ಗ್ರೇ ಕಪ್‌ಗೆ ಮುಂಚಿನ ಪಂದ್ಯದಲ್ಲಿ ನಮ್ಮ ಚಾಡ್ ಕೆಲ್ಲಿ ಕಾಲು ಮುರಿದುಕೊಂಡರು. ಬದಲಿ ಆಟಗಾರ ನಿಕ್ ಆರ್ಬಕಲ್ ಬಂದರು. ಆಗ ಬಾಂಬರ್ಸ್ ಹೆಸರು ಬರೆಯದವರು ಯಾರಿದ್ದರು? ಟೊರೊಂಟೊ 41–24 ಗೆದ್ದಿತು, ಪಂದ್ಯದ ಶ್ರೇಷ್ಠ ಆಟಗಾರ ಆರ್ಬಕಲ್ ಅವರೇ. ಗೆಲ್ಲಿಸಿದ್ದು ಡಿಫೆನ್ಸ್. ಚೆಂಡು ಕಿತ್ತುಕೊಳ್ಳುವ ತಂಡ ಯಾವುದು, ಕಳೆದ ಮೂರ್ನಾಲ್ಕು ಪಂದ್ಯಗಳಲ್ಲಿ ಯಾರು ಹೆಚ್ಚು ಇಂಟರ್‌ಸೆಪ್ಷನ್ ಮಾಡಿದ್ದಾರೆ, ಯಾರು ಹೆಚ್ಚು ಫಂಬಲ್ ಮಾಡಿಕೊಂಡಿದ್ದಾರೆ (ಕೈಯಿಂದ ಚೆಂಡು ಬಿಟ್ಟಿದ್ದಾರೆ), ನಾನು ನೋಡುವುದು ಅದನ್ನೇ.

ವಿನಿಪೆಗ್‌ನಿಂದ ಮತ್ತೆ:
ಆ ಪಂದ್ಯದಲ್ಲಿ ನಮ್ಮ ಝ್ಯಾಕ್ ಕೊಲಾರೊಸ್ ಎಸೆಯುವ ಕೈಯ ಬೆರಳಿಗೆ ಗಾಯ ಮಾಡಿಕೊಂಡಿದ್ದರು. ನಾಲ್ಕು ಇಂಟರ್‌ಸೆಪ್ಷನ್ ಆಯಿತು. ಆದ್ದರಿಂದ ನಿಮ್ಮ ಉದಾಹರಣೆ ನನ್ನ ಮಾತನ್ನೇ ಹೇಳುತ್ತಿದೆ. ಆದರೂ ಡಿಫೆನ್ಸ್ ವಿಷಯ ಒಪ್ಪಿದೆ.

ಸಸ್ಕಟೂನ್‌ನಿಂದ:
ಗೆಲ್ಲುವವರು ಯಾರು ಅನ್ನುವುದರಷ್ಟೇ ಅಂತರವೂ ಮುಖ್ಯ ಅಲ್ವಾ, ಅದನ್ನು ಯಾರೂ ಹೇಳಲಿಲ್ಲ. ಕೊನೆಯ ಮೂರು ನಿಮಿಷದಲ್ಲಿ ಪ್ರತಿ ಆಟದ ನಂತರ ಗಡಿಯಾರ ನಿಲ್ಲುತ್ತದೆ. ಮುಂದಿರುವ ತಂಡಕ್ಕೆ ಮೂರೇ ಡೌನ್, ಸಮಯ ತಳ್ಳಿ ಮುಗಿಸಲು ಆಗುವುದಿಲ್ಲ. ಹತ್ತು ಅಂಕದ ಮುನ್ನಡೆ ಅಲ್ಲಿ ಕರಗಿ ಎರಡು ಮೂರಕ್ಕೆ ಬಂದುಬಿಡುತ್ತದೆ. 2022ರ ಗ್ರೇ ಕಪ್‌ನ ಕೊನೆಯಲ್ಲಿ ಎರಡೂ ಕಡೆಯ ಫೀಲ್ಡ್ ಗೋಲ್‌ಗಳಿಗೆ ಅಡ್ಡ ಬಂದ ಕೈಗಳು ಚೆಂಡನ್ನು ತಡೆದವು, ಟೊರೊಂಟೊ 24–23 ಗೆದ್ದಿತು. 2009ರ ಗ್ರೇ ಕಪ್‌ನಲ್ಲಿ ಮಾಂಟ್ರಿಯಲ್‌ನ ಕೊನೆಯ ಒದೆತ ತಪ್ಪಿತು ಅಂತ ರೈಡರ್ಸ್ ಕುಣಿಯುವಾಗ ಅವರ ಕಡೆ ಮೈದಾನದಲ್ಲಿ 13 ಜನ ಇದ್ದದ್ದಕ್ಕೆ ಪೆನಾಲ್ಟಿ ಬಿತ್ತು. ಮಾಂಟ್ರಿಯಲ್ ಹತ್ತು ಗಜ ಹತ್ತಿರದಿಂದ ಮತ್ತೆ ಒದ್ದು 28–27 ಗೆದ್ದಿತು. ನಾನು ಆಗಿನಿಂದಲೂ ರೈಡರ್ಸ್ ಅಭಿಮಾನಿ, ಇವತ್ತಿಗೂ ಕೊನೆಯ ಶಿಳ್ಳೆ ಕೇಳುವವರೆಗೆ ಕುಳಿತುಕೊಳ್ಳುವುದಿಲ್ಲ.

ಇದರ ಜೊತೆಗೆ ಒಂದು ಅಂಕದ ರೂಜ್ ಇದೆ. ಎಂಡ್ ಝೋನ್‌ಗೆ (ಮೈದಾನದ ತುದಿಯ ಗೋಲು ಜಾಗಕ್ಕೆ) ಬಂದ ಪಂಟ್ ಹಿಡಿದವನು ಹೊರಗೆ ಓಡಿಬರಲಾಗದಿದ್ದರೆ ಒದ್ದವರಿಗೆ ಒಂದು ಅಂಕ. ಹಾಗಾಗಿ 1, 2, 4 ಇಂಥ ಅಂತರಗಳೂ ಧಾರಾಳ. ಈ ಭಾನುವಾರಕ್ಕೆ 7ಕ್ಕಿಂತ ಹೆಚ್ಚು ಬರೆಯಬೇಡಿ. ಮುಂದಿನ ವಾರ ವಿನಿಪೆಗ್‌ನ ಪಂದ್ಯಕ್ಕೆ ಬೇಕಾದರೆ ಧೈರ್ಯ ಮಾಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಡೆಪ್ತ್ ಚಾರ್ಟ್ ಬರುವವರೆಗೆ ಕಾಯುತ್ತೇನೆ. ಬಾಂಬರ್ಸ್‌ನ ಐವರು ಲೈನ್‌ಮನ್‌ಗಳೂ ಇದ್ದರೆ ಬಾಂಬರ್ಸ್ 2 ಅಂಕ, ಒಬ್ಬರು ಇಲ್ಲದಿದ್ದರೂ ರೈಡರ್ಸ್ 4. ಆಫೀಸಿನಲ್ಲಿ ಏನಂದರೂ ಸರಿ.

ರೆಜೈನಾದಿಂದ:
ಒಳ್ಳೆಯ ಲೆಕ್ಕ ಮೇಡಂ. ಬರೆದು ಕೊಡುವ ಸಮಯ ಒಂದು ನೋಡಿಕೊಳ್ಳಿ. ಸಸ್ಕ್ಯಾಚವನ್‌ನಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವುದಿಲ್ಲ, ಇಲ್ಲಿನ ಸಮಯ ನಿಮಗಿಂತ ಒಂದು ಗಂಟೆ ಹಿಂದೆ. ಟಿಕೆಟ್ ಮೇಲಿರುವ ಗಂಟೆ ನೋಡಿ ಕುಳಿತರೆ ಪಂದ್ಯ ಶುರುವಾಗಲು ಇನ್ನೂ ಒಂದು ಗಂಟೆ ಇರುತ್ತದೆ.