ಬೆಂಗಳೂರು–ಟೋಕಿಯೋ ಫ್ಲೈಟ್: ಹೋಗೋ ಟೈಮೇ ಬೇರೆ, ಬರೋ ಟೈಮೇ ಬೇರೆ, ಯಾಕೆ?

ಬಸವನಗುಡಿ ಹುಡುಗಿ:
ಎಲ್ರಿಗೂ ನಮಸ್ಕಾರ. ಅಕ್ಕ ಟೋಕಿಯೋದಲ್ಲಿದಾಳೆ, ಈ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕಳಿಸ್ತಿದೀವಿ, ಅಲ್ಲಿನ ನರಿಟಾ ಏರ್‌ಪೋರ್ಟ್‌ಗೆ ನಾನ್‌ಸ್ಟಾಪ್. ಟಿಕೆಟಲ್ಲಿ ರಾತ್ರಿ 2ಕ್ಕೆ ಹೊರಟು ಮಧ್ಯಾಹ್ನ 1.30ಕ್ಕೆ ಇಳಿಯುತ್ತೆ, ವಾಪಸ್ ಬರೋವಾಗ ಸಂಜೆ 6ಕ್ಕೆ ಬಿಟ್ಟು ರಾತ್ರಿ 12.20ಕ್ಕೆ ಬರುತ್ತೆ ಅಂತಿದೆ. ಅಪ್ಪ ಕೂತ್ಕೊಂಡು ಲೆಕ್ಕ ಹಾಕಿ, ಹೋಗೋಕೆ ಹನ್ನೊಂದೂವರೆ ಗಂಟೆ ಬರೋಕೆ ಆರು ಚಿಲ್ಲರೆ, ಇದೆಂಥ ಮೋಸ ಅಂತ ಒಂದೇ ಸಮ ಕೇಳ್ತಿದಾರೆ. ನೆಟ್ಟಲ್ಲಿ ದೂರ ಸುಮಾರು 6,700 ಕಿಮೀ ಅಂತಿದೆ. ನಿಜವಾಗ್ಲೂ ಎಷ್ಟೊತ್ತು ಕೂರ್ಬೇಕು? ಅಮ್ಮಂಗೆ ಮಂಡಿನೋವು ಬೇರೆ.

ರಾಜಾಜಿನಗರ ರಾಯ:
ಭೂಮಿ ತಿರುಗುತ್ತಲ್ಲ ಮೇಡಂ, ಪೂರ್ವಕ್ಕೆ ಹೋಗೋವಾಗ ಜಪಾನ್ ಮುಂದೆ ಓಡ್ತಿರುತ್ತೆ, ಅದಕ್ಕೇ ಲೇಟು. ಸಿಂಪಲ್.

ಕಿಟಕಿ ಸೀಟು:
ರಾಯರೇ, ಭೂಮಿ ಜೊತೆ ಗಾಳಿನೂ ತಿರುಗುತ್ತೆ, ವಿಮಾನ ಹಾರೋದು ಆ ಗಾಳಿಯೊಳಗೇ. ಹಂಗಾಗಿದ್ರೆ ಹೆಲಿಕಾಪ್ಟರ್ ಮೇಲೆ ಹೋಗಿ ಸುಮ್ನೆ ನಿಂತ್ರೆ ಮಂಗಳೂರು ತಾನಾಗೇ ಕೆಳಗೆ ಬರ್ಬೇಕಿತ್ತು 😄

ಟಿಕೆಟಲ್ಲಿರೋದು ಆಯಾ ಊರಿನ ಟೈಮು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹೋಗೋವಾಗ ಹನ್ನೊಂದೂವರೇಲಿ ಮೂರೂವರೆ ಕಳೀರಿ, 8 ಗಂಟೆ. ಬರೋವಾಗ 6.20ಕ್ಕೆ ಮೂರೂವರೆ ಸೇರ್ಸಿ, 9 ಗಂಟೆ 50 ನಿಮಿಷ. ಅಂದ್ರೆ ಅಪ್ಪನ ಲೆಕ್ಕ ಪೂರ್ತಿ ಉಲ್ಟಾ, ಬರೋದೇ ಜಾಸ್ತಿ.

ಆ ಎರಡು ಗಂಟೆ ಹತ್ತತ್ರ ವ್ಯತ್ಯಾಸಕ್ಕೆ ಕಾರಣ ಜೆಟ್ ಸ್ಟ್ರೀಮ್. ಸುಮಾರು ಹತ್ತು ಕಿಮೀ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೋರು ಗಾಳಿ, ಚಳಿಗಾಲದಲ್ಲಿ ಜಪಾನ್ ಮೇಲೆ ಕೆಲವು ಸಲ ಗಂಟೆಗೆ 300 ಕಿಮೀ ದಾಟುತ್ತೆ. ವಿಮಾನದ ಸ್ಪೀಡು 900 ಅಂತಿಟ್ಕೊಳ್ಳಿ, ದಾರಿಯುದ್ದಕ್ಕೂ ಸರಾಸರಿ 100 ಕಿಮೀ ಗಾಳಿ ಹಿಂದಿನಿಂದ ತಳ್ಳಿದ್ರೆ 6 ಗಂಟೆ 40 ನಿಮಿಷ, ಎದುರು ಬೀಸಿದ್ರೆ 8 ಗಂಟೆ 20 ನಿಮಿಷ, ಇದರ ಮೇಲೆ ರನ್‌ವೇವರೆಗೂ ಉರುಳ್ಕೊಂಡು ಹೋಗೋದು, ಏರೋದು ಇಳಿಯೋದು, ಸುತ್ತು ದಾರಿ ಎಲ್ಲ ಸೇರಿ ಒಂದು ಗಂಟೆ ಮೇಲಾಗುತ್ತೆ. 6,700 ಅನ್ನೋದು ಭೂಮಿಯ ಗುಂಡಗಿನ ಮೈಮೇಲೆ ಅಳೆದ ಅತಿ ಹತ್ತಿರದ ದೂರ, ಫ್ಲೈಟು ಅದೇ ಗೆರೆ ಹಿಡ್ಕೊಂಡು ಹೋಗಲ್ಲ.

ಅಂದಹಾಗೆ ಈ ಗಾಳಿನ 1920ರ ದಶಕದಲ್ಲೇ ಬಲೂನ್ ಬಿಟ್ಟು ಅಳೆದೋರು ವಾಸಾಬುರೋ ಓಯಿಶಿ ಅನ್ನೋ ಜಪಾನಿ ಹವಾಮಾನ ತಜ್ಞರು. ಹೊರದೇಶದೋರೂ ಓದ್ಲಿ ಅಂತ ವರದೀನ ಎಸ್ಪರಾಂಟೋ ಅನ್ನೋ, ಎಲ್ಲ ದೇಶದೋರಿಗೂ ಅಂತ ಹೊಸದಾಗಿ ಕಟ್ಟಿದ ಭಾಷೇಲಿ ಬರೆದ್ರು, ಪಾಪ ಯಾರೂ ಓದ್ಲಿಲ್ಲ.

ಬಸವನಗುಡಿ ಹುಡುಗಿ:
ಅಪ್ಪಂಗೆ ಓದಿ ಹೇಳ್ದೆ. "ಮೊದಲೇ ಗೊತ್ತಿತ್ತು" ಅಂತಿದಾರೆ 🙏

ಹೆಬ್ಬಾಳ ಫ್ಲೈಓವರ್:
ಗಾಳಿ ಕಥೆ ಇರ್ಲಿ, ತಾರೀಖು ಸರಿಯಾಗಿ ನೋಡ್ಕೊಳ್ಳಿ. ರಾತ್ರಿ 2ರ ಫ್ಲೈಟು 15ನೇ ತಾರೀಖು ಅಂತಿದ್ರೆ 14ರ ರಾತ್ರಿ ಊಟ ಮಾಡ್ಕೊಂಡೇ ಮನೆ ಬಿಡ್ಬೇಕು, 15ರ ರಾತ್ರಿ ಹೋದ್ರೆ ಫ್ಲೈಟ್ ಆಗ್ಲೇ ಹೋಗಿರುತ್ತೆ. ಟರ್ಮಿನಲ್ 2. ಅಮ್ಮಂಗೆ ವೀಲ್‌ಚೇರ್ ಈಗ್ಲೇ ಬುಕ್ ಮಾಡಿ, ಓಡಾಡೋ ದಾರಿ ಪಕ್ಕದ ಸೀಟು ತಗೊಳ್ಳಿ, ಎದ್ದು ಓಡಾಡ್ಬಹುದು. ನರಿಟಾದಿಂದ ಟೋಕಿಯೋ ಊರೊಳಗೆ ಇನ್ನೂ 60 ಕಿಮೀ ಇದೆ, ಅಕ್ಕಂಗೆ ಅಲ್ಲೇ ಬಂದು ಕರ್ಕೊಂಡು ಹೋಗೋಕೆ ಹೇಳಿ.