ಅಡಿಕೆ ಮರದ ಎತ್ತರ ಅಳೆಯೋಕೆ ಲೇಸರ್ ರೇಂಜ್‌ಫೈಂಡರ್: ಯಾವ ನಮೂನೆ ತಗೊಳ್ಳಬಹುದು?

ತುಂಗಾತೀರ:
ತೀರ್ಥಹಳ್ಳಿ ಕಡೆ ಹಳೇ ತೋಟ, ಇಳಿಜಾರಿನ ಜಾಗ. ಕೊಯ್ಲಿಗೂ ಮದ್ದು ಹೊಡೆಯೋಕೂ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಕೆಲಸ ಮಾಡೋ ಉದ್ದ ಕೋಲು) ತಗೊಳ್ಳಬೇಕು. 60 ಅಡಿಯದ್ದು ಸಾಕೋ 80 ಅಡಿಯದ್ದೇ ಬೇಕೋ ಗೊತ್ತಾಗ್ತಿಲ್ಲ. ಕಣ್ಣಂದಾಜು ನಂಬೋ ಹಾಗಿಲ್ಲ. ಆನ್‌ಲೈನಲ್ಲಿ ಹಂಟಿಂಗ್, ಗಾಲ್ಫ್ ಅಂತ ಎರಡು ಬಗೆ ರೇಂಜ್‌ಫೈಂಡರ್ (ಲೇಸರ್ ಬಿಟ್ಟು ದೂರ ಅಳೆಯೋ ಯಂತ್ರ) ಸಿಗ್ತವೆ. ಹತ್ತು ಹನ್ನೆರಡು ಸಾವಿರದ ಒಳಗೆ ಯಾವುದನ್ನ ನೋಡಬೇಕು? ಎದುರು ಗುಡ್ಡದ ನೀರಿನ ಟ್ಯಾಂಕಿಗೆ ಪೈಪ್ ಎಷ್ಟು ಬೇಕು ಅಂತಲೂ ಅದರಲ್ಲೇ ಅಳೆಯೋ ಆಸೆ.

ಅಳತೆಗೋಲು:
ಹಂಟಿಂಗ್ ಅಂತ ಬರೆದಿರೋದು ಹೊರದೇಶದ ಮಾರುಕಟ್ಟೆಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ವನ್ಯಜೀವಿ ಬೇಟೆ ಅಪರಾಧ. ಉಪಕರಣ ಮಾತ್ರ ತೋಟಕ್ಕೆ ಚೆನ್ನಾಗಿ ಒಗ್ಗುತ್ತೆ.

ಡಬ್ಬಿ ಮೇಲಿನ 600, 1000 ಮೀಟರ್ ನೋಡಿ ದುಡ್ಡು ಕೊಡಬೇಡಿ. ಅದು ಬೆಳಕನ್ನ ಚೆನ್ನಾಗಿ ವಾಪಸ್ ಕಳಿಸೋ ಫಲಕಕ್ಕೆ ಸಿಗೋ ಅಂಕಿ, ಮರಕ್ಕೋ ಪೊದೆಗೋ ಅದಕ್ಕಿಂತ ತುಂಬಾ ಕಮ್ಮಿ. ನಿಮಗೆ ಬೇಕಾಗಿರೋದು 10ರಿಂದ 300 ಮೀಟರ್. ನೋಡಬೇಕಾದ್ದು: ಕೋನ ತೋರಿಸುತ್ತಾ, ಸಮತಲ ದೂರ (ಏರು ಇಳಿವು ಬಿಟ್ಟು ಅಡ್ಡಕ್ಕಿರೋ ದೂರ) ಕೊಡುತ್ತಾ, ಯಾರ್ಡ್ ಬಿಟ್ಟು ಮೀಟರಿಗೆ ಬದಲಾಯಿಸಬಹುದಾ, ಅಕ್ಷರ ಕೆಂಪಾಗಿ ಹೊಳೆಯುತ್ತಾ. ಕಪ್ಪು ಅಕ್ಷರದ ಡಿಸ್‌ಪ್ಲೇ ತೋಟದ ನೆರಳಲ್ಲಿ ಕಾಣೋದೇ ಇಲ್ಲ.

ಗಾಲ್ಫಿನದು ಮೊದಲು ತಾಗಿದ್ದನ್ನ ಹಿಡಿಯುತ್ತೆ, ಯಾಕಂದ್ರೆ ಅಲ್ಲಿ ಅಳೆಯಬೇಕಾದ ಬಾವುಟ ಮುಂದೆ, ಮರ ಹಿಂದೆ. ಹಂಟಿಂಗಿನ ಹೆಚ್ಚಿನವು ಎದುರಿನ ಎಲೆ, ಕಡ್ಡಿ ಬಿಟ್ಟು ದೂರದ್ದನ್ನ ಹಿಡಿಯುತ್ತವೆ. ನೀವು ಹಂಟಿಂಗಿನದೇ ತಗೊಳ್ಳಿ.

ಸಾಗರದ ಬೆಳೆಗಾರ:
ಮೇಲಿನ ಕೊನೇ ಮಾತು ಟ್ಯಾಂಕಿಗೆ ಸರಿ, ಮರಕ್ಕೆ ಸರಿಯಲ್ಲ. ಅಡಿಕೆ ಕಾಂಡ ಒಂದು ಗೇಣೂ ಅಗಲ ಇರಲ್ಲ. ಲೇಸರ್ ಸ್ವಲ್ಪ ಪಕ್ಕಕ್ಕೆ ಜಾರಿದ್ರೂ ಹಿಂದಿನ ಸಾಲಿಗೆ ಬಡಿಯುತ್ತೆ, ಯಂತ್ರ ಆ ದೂರವನ್ನೇ ತೋರಿಸುತ್ತೆ. 9 ಅಡಿ ಅಂತರದ ತೋಟದಲ್ಲಿ ಅಂಕಿ ಏಕ್ದಂ 2.7 ಮೀಟರ್ ಹಾರಿದ್ರೆ ನೀವು ಅಳೆದದ್ದು ಹಿಂದಿನ ಮರ. ಹಾಗಾಗಿ ಎರಡೂ ಮೋಡ್ ಬದಲಾಯಿಸೋಕೆ ಬರೋದನ್ನೇ ತಗೊಳ್ಳಿ. ತೋಟದೊಳಗೆ ಮೊದಲಿನದ್ದನ್ನ ಹಿಡಿಯೋ ಮೋಡ್, ಗುಡ್ಡಕ್ಕೆ ದೂರದ್ದನ್ನ ಹಿಡಿಯೋ ಮೋಡ್.

ತಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕೊಡೋ ಗಡುವು ಮುಗಿಯೋದ್ರೊಳಗೆ. ಗೋಡೆಯಿಂದ ಟೇಪ್ ಹಿಡಿದು 10, 20, 30 ಮೀಟರಿಗೆ ಗುರುತು ಹಾಕಿ, ಒಂದೊಂದರಿಂದ ಹತ್ತು ಸಲ ಅಳೆಯಿರಿ. ಒಂದು ಮೀಟರ್ ಆಚೀಚೆ ಈ ಬೆಲೆಗೆ ಮಾಮೂಲಿ, ಅದಕ್ಕಿಂತ ಹೆಚ್ಚು ಓಲಾಡಿದ್ರೆ ವಾಪಸ್. ಆಮೇಲೆ ಹಿಂದೆ ಬರೀ ಆಕಾಶ ಇರೋ ಒಂದು ಕಂಬ ಹುಡುಕಿ, 40 ಮೀಟರ್ ದೂರದಿಂದ ಗುರಿಯನ್ನ (ಯಂತ್ರದೊಳಗೆ ಕಾಣೋ ಗುರುತನ್ನ) ಎಡದಿಂದ ಬಲಕ್ಕೆ ನಿಧಾನ ಸರಿಸಿ. ಗುರಿಯ ಮಧ್ಯಕ್ಕೆ ಕಂಬ ಬಂದಾಗಲೇ ಅಂಕಿ ಬರಬೇಕು. ಪಕ್ಕದಲ್ಲಿ ಬಂದ್ರೆ ಲೇಸರ್ ಒಂದು ಕಡೆ, ಗುರಿ ಒಂದು ಕಡೆ ಅಂತ ಅರ್ಥ. ಅಂಥದ್ದರಲ್ಲಿ ಅಡಿಕೆ ಮರ ಅಳೆಯೋಕಾಗಲ್ಲ.

ತುಂಗಾತೀರ:
ಎತ್ತರದ ಲೆಕ್ಕ ಹೇಗೆ ಸರ್? ಮರದ ಬುಡ ನನಗಿಂತ ಕೆಳಗಿದೆ.

ಅಳತೆಗೋಲು:
ಸಾಗರದವರು ಹೇಳಿದ್ದು ಸರಿ, ಮೋಡ್ ವಿಷಯ ನಾನು ಬಿಟ್ಟಿದ್ದೆ.

ಮರದಿಂದ 20 ಮೀಟರ್ ಹಿಂದೆ ನಿಲ್ಲಿ. ಕಣ್ಣಿನ ಮಟ್ಟದಲ್ಲಿ ಕಾಂಡಕ್ಕೆ ಗುರಿ ಇಟ್ಟು ಸಮತಲ ದೂರ ತಗೊಳ್ಳಿ. ಆಮೇಲೆ ಕೊನೆಗೆ (ಅಡಿಕೆ ಗೊಂಚಲಿಗೆ) ಗುರಿ ಇಟ್ಟಾಗ ಕೋನ 35 ಡಿಗ್ರಿ ಬಂತು ಅಂತಿಟ್ಟುಕೊಳ್ಳಿ: 20 × ಟ್ಯಾನ್ 35 = 14 ಮೀಟರ್. ಬುಡಕ್ಕೆ ಕೆಳಮುಖ 5 ಡಿಗ್ರಿ: 20 × ಟ್ಯಾನ್ 5 = 1.75. ಎರಡನ್ನೂ ಕೂಡಿಸಿದ್ರೆ 15.75 ಮೀಟರ್, ಅಂದಾಜು 52 ಅಡಿ. ಬುಡ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿದ್ರೆ ಕಳೆಯಬೇಕು.

ಜಾಸ್ತಿ ಜನ ಎಡವೋದು ಇಲ್ಲಿ: ಕೊನೆಗೆ ನೇರ ಹಿಡಿದ ಓರೆ ದೂರ 24.4 ಮೀಟರ್ ಇರುತ್ತೆ. ಅದನ್ನೇ ಟ್ಯಾನಿಗೆ ಗುಣಿಸಿದ್ರೆ 17 ಮೀಟರ್ ಬರುತ್ತೆ, ಹತ್ತು ಅಡಿ ಸುಳ್ಳು ಎತ್ತರ. ಓರೆ ದೂರಕ್ಕೆ ಸೈನ್, ಸಮತಲ ದೂರಕ್ಕೆ ಟ್ಯಾನ್. ಗುರಿ ಕೊನೆಗೇ ಇಡಿ, ಸೋಗೆ ತುದಿಗಲ್ಲ. ತೋಟದ ಅತಿ ಎತ್ತರದ ಹತ್ತು ಮರ ಅಳೆದ್ರೆ ಸಾಕು. ಎಲ್ಲಾ 52 ಅಡಿ ಆಸುಪಾಸಲ್ಲೇ ಇದ್ರೆ 60ರ ದೋಟಿ ಸಾಕು. 80ರದು ಸುಮ್ಮನೆ ಭಾರ, ತುದಿ ಬಾಗೋದೂ ಜಾಸ್ತಿ.

ಪೈಪಿಗೆ ಮಾತ್ರ ಸಮತಲ ದೂರ ಬೇಡ, ಓರೆ ದೂರ ತಗೊಳ್ಳಿ. ನಡುವೆ ಕಣಿವೆ ಇದ್ರೆ ಆ ಅಂಕಿ ಸಾಲಲ್ಲ. ಪೈಪ್ ನೆಲ ಹಿಡಿದು ಹೋಗುತ್ತೆ, ತುಂಡು ತುಂಡಾಗಿ ಅಳೆದು ಕೂಡಿಸಿ.

ಸಾಗರದ ಬೆಳೆಗಾರ:
ಮಳೆ, ಮಂಜಲ್ಲಿ ಅಳೆಯಬೇಡಿ, ಹನಿಗಳೇ ಬೆಳಕನ್ನ ವಾಪಸ್ ಕಳಿಸಿ ಐದಾರು ಮೀಟರ್ ಅಂತ ತೋರಿಸುತ್ತವೆ. ಮಳೆಗಾಲದಲ್ಲಿ ಬ್ಯಾಟರಿ ತೆಗೆದು, ಗಾಳಿ ಆಡದ ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಜೊತೆ ಇಡಿ. ಇಲ್ಲಾಂದ್ರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ. ಸಿಆರ್2 ಸೆಲ್ಲಿನದಾದ್ರೆ ಎರಡು ಸೆಲ್ ಹೆಚ್ಚಿಗೆ ತರಿಸಿಟ್ಟುಕೊಳ್ಳಿ, ಊರಂಗಡಿಯಲ್ಲಿ ಅದು ಸಿಗೋದು ಕಷ್ಟ.

ಇನ್ನೊಂದು, ದಯವಿಟ್ಟು ಮರೀಬೇಡಿ. ಕಾರ್ಬನ್ ಫೈಬರಲ್ಲಿ ಕರೆಂಟ್ ಹರಿಯುತ್ತೆ. ಯಂತ್ರ ಕೈಯಲ್ಲಿದ್ದಾಗಲೇ ತೋಟದಂಚಿನ ವಿದ್ಯುತ್ ಲೈನಿಗೆ ಎಷ್ಟು ದೂರ ಅಂತ ಅಳೆದುಬಿಡಿ. 60 ಅಡಿ ದೋಟಿ ಅಂದ್ರೆ 18 ಮೀಟರಿಗೂ ಜಾಸ್ತಿ. ಕೈತಪ್ಪಿ ಬಿದ್ರೂ ತಂತಿಗೆ ತಾಗಬಾರದು, ಹಾಗಾಗಿ ಲೈನಿಂದ 25 ಮೀಟರ್ ಒಳಗಿನ ಮರಗಳಿಗೆ ಬಣ್ಣ ಬಳಿದು ಗುರುತು ಮಾಡಿ. ಲೈನ್ ಆಫ್ ಮಾಡಿಸದೆ ಅಲ್ಲಿ ದೋಟಿ ಎತ್ತಬೇಡಿ.